ಮುದ್ದೆ ಪಾತ್ರೆಯ ಬಾಜಿ

ನೀಲಗಿರಿ ಎಣ್ಣೆಯ ವಾಸನೆ, ಯಾರೋ ಆಟಗಾರರು ಹಚ್ಚಿಕೊಂಡಿರಬೇಕು, ಇಲ್ಲ, ಪಕ್ಕದ ಕುರ್ಚಿಯಿಂದಲೇ ಬರುತ್ತಿದೆ, ಅತ್ತೆಯ ಮಂಡಿಯಿಂದ — ವಾಲ್ನಟ್ ಕ್ರೀಕಿನ ಈ ಸಭಾಂಗಣದಲ್ಲಿ ಮುನ್ನೂರು ಜನ ಕೂತು ಪಾಪ್‌ಕಾರ್ನ್ ತಿನ್ನುತ್ತಿದ್ದರೂ ನನ್ನ ಮೂಗಿಗೆ ಅತ್ತೆಯೇ, ಮಾತಾಡಬಾರದು ಎಂದುಕೊಂಡಿದ್ದೇನೆ, ಸನ್ನಿವೇಲಿನ ಮನೆಯಿಂದ ಇಲ್ಲಿಯವರೆಗೆ ಫ್ರೀವೇ ಉದ್ದಕ್ಕೂ ಒಂದು ಮಾತಿಲ್ಲ, ಹರ್ಷ ಎರಡು ಸಲ ನನ್ನ ಮುಖ ನೋಡಿದ, ಯಾಕೆ ವಾಣಿ, ಏಸಿ ಜಾಸ್ತಿ ಆಯ್ತಾ, ಗಂಡಸರ ಪಾಲಿಗೆ ಹೆಂಡತಿಯ ಸಿಟ್ಟೆಲ್ಲ ಏಸಿಯಿಂದಲೇ ಬರುವುದು. ಇನ್ನೊಂದು ಜೋಡಿ ಮುಗಿದರೆ ನಿಸರ್ಗಾಳ ಸರದಿ, ಇಪ್ಪತ್ತು ತುಂಬಿ ಎರಡು ತಿಂಗಳಾದ ನನ್ನ ಮಗಳು, ಮೊದಲ ಫೈಟು, ಆ ತಂತಿಯ ಪಂಜರದೊಳಗೆ, ಗುದ್ದೂ ಇದೆ, ಒದೆಯೂ ಇದೆ, ಕುಸ್ತಿಯೂ ಇದೆ, ಮತ್ತು ಅವಳ ಸ್ವಂತ ಅಜ್ಜಿ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಅದೇ ಕೈಯಿಂದ ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಎದುರಾಳಿಯ ಹೆಸರಿನ ಮುಂದೆ ಕುಂಕುಮದ ಬೊಟ್ಟು ಇಟ್ಟರು. ಇಟ್ಟು, ಬೆರಳು ಸೆರಗಿಗೆ ಒರೆಸಿಕೊಂಡು, ಕಾಫಿ ಕೇಳಿದರು.

ಆ ಪಟ್ಟಿ ನಮ್ಮ ಮನೆಯ ಭಾನುವಾರದ ಪಂಚಾಂಗ, ನಾಲ್ಕು ವರ್ಷವಾಯಿತು, ಟೀವಿಯಲ್ಲಿ ಯಾವ ಫೈಟು ಬರಲಿದೆಯೋ ಅದರ ಹೆಸರುಗಳು, ಯಾರು ಗೆಲ್ಲುತ್ತಾರೆ ಎಂದು ಮೊದಲೇ ಗುರುತು ಹಾಕಬೇಕು, ದುಡ್ಡಿನ ಮಾತಿಲ್ಲ, ಬಾಜಿ ಸೋತವರು ಮುದ್ದೆ ಪಾತ್ರೆ ಉಜ್ಜಬೇಕು, ತಳ ಹಿಡಿದ ರಾಗಿ ಡಿಶ್‌ವಾಷರಿಗೆಲ್ಲ ಬಗ್ಗುವುದಲ್ಲ. ಹರ್ಷನಿಗೆ ಎಕ್ಸೆಲ್ಲು, ಕೈಯುದ್ದ ಎಷ್ಟು, ಎಷ್ಟು ಸಲ ಕೆಡವಿದ, ಎಷ್ಟು ಸಲ ಬಿದ್ದ, ಇಷ್ಟೆಲ್ಲ ಲೆಕ್ಕ ಹಾಕಿ ಪಾತ್ರೆ ಉಜ್ಜುವುದು — ನಾನು ಕ್ಯಾಂಪ್‌ಬೆಲ್ಲಿನ ಕ್ಲಿನಿಕ್ಕಿನಲ್ಲಿ ದಿನವೆಲ್ಲ ಜನರ ಹಲ್ಲು ಶುಚಿ ಮಾಡುವವಳು, ದವಡೆ ನೋಡಿ ಹೇಳುತ್ತೇನೆ, ನಾನೂ ಉಜ್ಜುತ್ತೇನೆ. ಅತ್ತೆ ಮುಖವನ್ನೇ ನೋಡುವುದಿಲ್ಲ, ಕಾಲ್ ತೋರ್ಸ್ಲಾ, ಅಂತ ಮಗನಿಗೆ ಹೇಳಿ ಟೀವಿಯ ಮುಂದೆ ಬಗ್ಗಿ ನಿಲ್ಲುವುದು, ಕಾಲ್ ಹೆಬ್ಬೆಟ್ಟು ನೆಲ ಕಚ್ಚಬೇಕು ಕಣ್ಲಾ, ಹೆಬ್ಬೆಟ್ಟು ಎತ್ತಿದೋನು ಬಿದ್ದಂಗೇ. ನಮ್ಮ ಮಾವ ನಾಗರಾಜು ಮಂಡ್ಯದ ಕಡೆ ಹೆಸರಾದ ಪೈಲ್ವಾನರಂತೆ, ಆಗ ಹೆಂಗಸರನ್ನು ಗರಡಿಯೊಳಗೆ ಬಿಡುತ್ತಿರಲಿಲ್ಲ, ಅತ್ತೆ ಹಾಲಿನ ಚೊಂಬು ಕೊಡಲು ಹೋದಾಗ ಬಾಗಿಲ ಕೆಳಗಿನ ಸಂದಿಯಿಂದ ಇಣುಕಿದರೆ ಕಾಣುತ್ತಿದ್ದುದು ಕೆಮ್ಮಣ್ಣು ಮತ್ತು ಪಾದಗಳು ಮಾತ್ರ, ಪಾದ ನೋಡಿಯೇ ಯಾರು ಕೆಡವಿದರು ಎಂದು ತಿಳಿಯುತ್ತಿದ್ದರಂತೆ, ಅದೇ ವಿದ್ಯೆ ಈಗ ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಕೈಯಲ್ಲಿ ಪಾತ್ರೆ ಉಜ್ಜಿಸುತ್ತಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನ್ನ ಕಾಲ ಇನ್ನೂ ವೀಸಾಕ್ಕೆ ಕಾಯುತ್ತಿರಬೇಕು. ನಗು ಬರುತ್ತದೆ, ನಗಬಾರದು, ಸಿಟ್ಟಿನಲ್ಲಿದ್ದೇನೆ — ಈ ಹೆಂಗಸು ತಪ್ಪುವುದೇ ಇಲ್ಲವಲ್ಲ, ಅದೇ ಭಯ, ನಾಲ್ಕು ವರ್ಷದಲ್ಲಿ ಎರಡೇ ಸಲ ತಪ್ಪಿದ್ದು, ಹಾಗಾದರೆ ನನ್ನ ಮಗುವಿನ ಕಾಲಿನಲ್ಲಿ ಏನು ಕಂಡರು, ಗರಾಜಿನಲ್ಲಿ ಯೋಗದ ಚಾಪೆ ಹಾಸಿ ಅವಳಿಗೆ ನಿಲ್ಲುವುದನ್ನು ಕಲಿಸಿದವರೂ ಇವರೇ, ಲೈಕ್ ದಿಸ್, ಅಜ್ಜಿ? ಅಂಗಲ್ಲ ಕಣವ್ವ, ಕಚ್ಚು, ಕಚ್ಚು, ಮಣ್ಣು ಬುಡಬ್ಯಾಡ. ಬೆಳಗ್ಗೆ ಬೊಟ್ಟು ನೋಡಿ ಮಗಳು ನಕ್ಕಳು, ಅಜ್ಜಿ, ಸೀರಿಯಸ್ಲೀ? ಓಕೆ, ಪಾತ್ರೆ ಈಸ್ ಯುವರ್ಸ್, ಆದರೆ ಕೆಳತುಟಿ ಒಳಗಿನಿಂದ ಕಚ್ಚಿಕೊಂಡಳು, ಡೇಕೇರಿನ ಮೊದಲ ದಿನ ಕಚ್ಚಿಕೊಂಡ ಹಾಗೆ, ಆ ಬಾಯಿ ನನಗೆ ಗೊತ್ತು, ಅದಕ್ಕೆ ಹಲ್ಲು ಕಾಯುವ ಮೌತ್‌ಗಾರ್ಡಿನ ಅಚ್ಚು ತೆಗೆದವಳೂ ನಾನೇ, ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸಿ, ಅಲ್ಲಾಡಬೇಡವೇ ಅಂತ ಬೈದು.

ಬಂದಳು, ಅಯ್ಯೋ, ಎಷ್ಟು ಚಿಕ್ಕವಳಾಗಿ ಕಾಣುತ್ತಾಳೆ, ಜಡೆ ಬಿಗಿಯಾಗಿ ಹೆಣೆದಿದ್ದಾರೆ, ಗ್ಲೌಸಿಗೆ ನೀಲಿ ಪಟ್ಟಿ, ಎದುರಿನ ಸ್ಯಾಕ್ರಮೆಂಟೋದ ಹುಡುಗಿಗೆ ಕೆಂಪು, ಅವಳ ದವಡೆ ನೋಡು, ಕಲ್ಲು, ಗಂಟೆ ಹೊಡೆಯಿತು, ಹರ್ಷ ಫೋನು ಹಿಡಿದಿದ್ದಾನೆ, ಮುಂದಿನವರ ತಲೆ ಅಡ್ಡ, ವಿಡಿಯೋದಲ್ಲಿ ಏನೂ ಬರುವುದಿಲ್ಲ, ಬೇಡ, ಬಾರದಿದ್ದರೇ ಒಳ್ಳೆಯದು, ನಮ್ಮವಳ ಮೂಗಿಗೆ ಬಿತ್ತು, ಮತ್ತೆ ಬಿತ್ತು, ಕೆಂಪಿನವಳು ಕೆಡವಿಬಿಟ್ಟಳು, ಮೇಲೆ ಕೂತಳು, ಏಳೇ, ಏಳು ಮಗಳೇ, ಮೂರು ನಿಮಿಷಕ್ಕೆ ಎಷ್ಟು ಸೆಕೆಂಡು, ಗಂಟೆ — ಮೊದಲ ರೌಂಡು ಹೋಯಿತು, ಮತ್ತು ನನ್ನ ಬಾಯಿ ನನ್ನ ಮಾತು ಕೇಳದೆ ತೆರೆದುಕೊಂಡಿತು, ಸಮಾಧಾನ ಆಯ್ತಾ ಅತ್ತೆ? ನೀವು ಹೇಳಿದ ಹಾಗೇ ಆಗ್ತಿದೆಯಲ್ಲ. ಅತ್ತೆ ನನ್ನ ಕಡೆ ತಿರುಗಲಿಲ್ಲ, ಪಂಜರದ ಕಡೆಗೇ ನೋಡುತ್ತಾ, ನಿಂಗೊತ್ತಿಲ್ಲ ಕಣವ್ವ ವಾಣಿ, ನಮ್ಮೋರು ಗೆಲ್ತಾರೆ ಅಂತ ಮನೆ ಹೆಂಗ್ಸು ಬಾಯ್ಬುಟ್ಟು ಹೇಳ್ಬಾರ್ದು, ನಮ್ಮತ್ತೆ ಒಂದೊಂದ್ ಕುಸ್ತಿಗೂ ನಿಮ್ಮಾವನ್ನ, ಹೋಗು, ಸೋತ್ಕಂಡೇ ಬತ್ತೀಯ, ಅಂತ ಕಳುಸ್ತಿದ್ರು, ನಾನ್ ಒಂದೇ ಸಲ, ಮದ್ವೆಯಾದ್ ವರ್ಸ, ನೀರ್ ತರೋ ತಾವ ಎಲ್ರ ಮುಂದೆ, ಇವತ್ತು ನಮ್ಮೋರ್ದೇ ಅಂದ್ಬುಟ್ಟೆ, ಭುಜ ಮುರ್ಕಂಡೋರ್ನ ಗಾಡೀಲಿ ಮಲಗಿಸ್ಕಂಡು ಬಂದ್ರು. ನನ್ ಬಾಜಿ ಸೋಲ್ಲಿ ಅಂತಲೇ ಕಟ್ಟಿರೋದು ಕಣವ್ವ ನಾನು. ಪಾತ್ರೆ ನಾನೇ ಉಜ್ತೀನಿ.

ಪಾತ್ರೆ ನಾನೇ ಉಜ್ತೀನಿ — ಒಂದು ಗಂಟೆಯ ಕಾರಿನ ಮೌನವೆಲ್ಲ ನಾಚಿಕೆಯಾಗಿ ಕೆನ್ನೆಗೆ ಏರಿತು, ಎಂಥ ಹೆಂಗಸು ಇದು, ನಾಲ್ಕು ವರ್ಷ ಗೆದ್ದದ್ದನ್ನೆಲ್ಲ ಒಂದು ಬೊಟ್ಟಿನಲ್ಲಿ ಮೊಮ್ಮಗಳಿಗೆ ನಿವಾಳಿಸಿ ಇಟ್ಟಿದ್ದಾರೆ, ನಾನು ಕಾರಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ, ಇಷ್ಟ ನನಗೆ ಈ ಮುದುಕಿ, ಇಷ್ಟ, ಹೇಳುವುದು ಹೇಗೆ, ಕೈ ಹಿಡಿಯೋಣವೆಂದರೆ ಎರಡನೆಯ ರೌಂಡು, ನಿಸರ್ಗಾ ಒದ್ದಳು, ನಮ್ಮವಳೇ ಒದ್ದಳು, ಮತ್ತೆ ಒದ್ದಳು, ಈ ರೌಂಡು ನಮ್ಮದು, ಗೆಲ್ — ಬಾಯಿ ಮುಚ್ಚಿಕೋ ವಾಣಿ, ಸೋಲುತ್ತಾಳೆ, ಸೋಲುತ್ತಾಳೆ, ನಾನೂ ಸೋಲುತ್ತಾಳೆ ಎಂದೇ ಅನ್ನುತ್ತೇನೆ, ಮೂರನೆಯದು, ಕೊನೆಯದು, ಕೆಂಪು ಪಟ್ಟಿಯವಳು ಸೊಂಟ ಹಿಡಿದು ತಂತಿಗೆ ಒತ್ತಿದಳು, ಎತ್ತುತ್ತಿದ್ದಾಳೆ, ನೋಡಲಾರೆ, ತಲೆ ತಗ್ಗಿಸಿದೆ, ಅತ್ತೆಯ ಸ್ನೀಕರ್ಸು ಕುರ್ಚಿಯ ಕೆಳಗೆ ಬಿದ್ದಿವೆ, ಯಾವಾಗ ಬಿಚ್ಚಿದರೋ, ಸೀರೆಯ ಅಂಚಿನ ಕೆಳಗೆ ಬರಿಗಾಲು, ಹೆಬ್ಬೆರಳು ಸಿಮೆಂಟಿನ ನೆಲವನ್ನು ಕಚ್ಚಿದೆ, ಉಗುರಿನ ತುದಿ ಬೆಳ್ಳಗಾಗುವಷ್ಟು, ತಲೆ ಎತ್ತಿದರೆ ಪಂಜರದಲ್ಲಿ ಅದೇ ಹೆಬ್ಬೆರಳು, ಮಗಳದು, ಚಾಪೆ ಕಚ್ಚಿದೆ, ಏಳುತ್ತಿಲ್ಲ, ಎತ್ತಲಾಗುತ್ತಿಲ್ಲ ಅವಳನ್ನು, ತಿರುಗಿದಳು, ಕೆಡವಿದಳು, ನಿಸರ್ಗಾ ಕೆಡವಿದಳು, ಗಂಟೆ, ರೆಫರಿ ಇಬ್ಬರ ಮಣಿಕಟ್ಟು ಹಿಡಿದು ನಿಂತಿದ್ದಾನೆ, ಮೈಕಿನವನು ಎಷ್ಟು ನಿಧಾನ, ನೀಲಿ, ನೀಲಿ ಕೈ ಮೇಲೆ ಹೋಯಿತು, ಹರ್ಷ ಫೋನು ಬೀಳಿಸಿ ಕುಣಿಯುತ್ತಿದ್ದಾನೆ, ನಾನ್ ಸೋತೆ ಕಣವ್ವ, ಅತ್ತೆ ಹೇಳುತ್ತಿದ್ದಾರೆ, ನಗುತ್ತಾ, ಅಳುತ್ತಾ, ಸೋತ್ಬುಟ್ಟೆ, ಆಯ್ತು ಅತ್ತೆ, ಆಯ್ತು, ಮುಗೀತು, ಇನ್ನು ಬಿಡಿ ಎನ್ನುತ್ತೇನೆ, ಬಗ್ಗಿ ಸ್ನೀಕರ್ಸು ಹಾಕಲು ನೋಡುತ್ತೇನೆ, ಪಾದ ಎತ್ತಿ ಕೊಡುತ್ತಿಲ್ಲ, ತಡಿ ಕಣವ್ವ, ಮಗು ಕೆಳಗಿಳೀಲಿ, ಹೆಬ್ಬೆರಳು, ನೆಲ ಬಿಡುತ್ತಿಲ್ಲ, ಆ ಬೆಳ್ಳಗಾದ ಹೆಬ್ಬೆರಳು —