ಹಸಿದ ಕೌದಿ

ಕೌದಿಯ ಉಪಾಯ ಸರಿತಾಳದು. ಅದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ, ಯಾರೂ ನೆನಪಿಟ್ಟುಕೊಂಡಿರಲೂ ಇಲ್ಲ. ಹುಮನಾಬಾದಿಗೆ ಹೋಗುವಾಗ ಹುಡಗಿ ಎಂಬ ಊರಿನ ಹತ್ತಿರ ಕಬ್ಬು ಕಡಿಯುವವರ ಗುಡಿಸಲುಗಳನ್ನೂ ಥಂಡಿಯಲ್ಲಿ ಮುದುಡಿ ಕುಳಿತ ಕೂಸುಗಳನ್ನೂ ಬಸ್ಸಿನ ಕಿಟಕಿಯಿಂದ ಕಂಡು, "ಹಳೇ ಸೀರಿ ಕೂಡ್ಸಿ ಕೌದಿ ಹೊಲ್ದು ಕೊಡೋಣ್ರಿ ಟೀಚರ್" ಎಂದವಳು ಅವಳೇ. "ನಮ್ಮವ್ವಗ ಬರ್ತದ" ಎಂದವಳೂ ಅವಳೇ. ಈಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದವಳೂ ಅವಳೇ.

ಬಸವಕಲ್ಯಾಣದ ಆ ಶಾಲೆಯ ಒಂಬತ್ತನೆಯ ತರಗತಿಯ ಏಳು ಹುಡುಗಿಯರಿಗೆ ಕಲಿಸಲು ಅವಳ ಅವ್ವ ಕಮಳಾಬಾಯಿ ಶನಿವಾರಕ್ಕೊಮ್ಮೆ ಮಂಠಾಳದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ದಿನ ಹೊಸ್ತಿಲ ಹೊರಗೇ ಕುಳಿತುಬಿಟ್ಟಿದ್ದಳು. ಆಯೆಷಾ ಟೀಚರ್ ಕೈಹಿಡಿದು ಎಬ್ಬಿಸಿ ಚಾಪೆಯ ನಡುವೆ ಕೂರಿಸಿದ್ದರು. ಎದುರಿಗೆ ಬಂದು ಕುಳಿತವಳು ಪೂನಂ.

ಪೂನಂ ದಿಗಂಬರ ಸಾವುಕಾರರ ಮಗಳು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ, ಮಂಠಾಳದಲ್ಲಿ ಹೊಲ. ಆ ಹೊಲದಲ್ಲಿ ಕಮಳಾಬಾಯಿ ಇಪ್ಪತ್ತು ವರ್ಷ ಕಳೆ ಕಿತ್ತಿದ್ದಳು. ಸಾವುಕಾರರ ಮನೆಯಲ್ಲಿ ಸಣ್ಣವರು ದೊಡ್ಡವರೆಲ್ಲ ಅವಳನ್ನು "ಏ ಕಮಳೀ" ಎಂದೇ ಕೂಗುವುದು. ಪೂನಂ ಮಾತ್ರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, "ಕಾಕು, ಈ ಸಾಲು ಬರೋಬರಿ ಅದ ಏನ್ರಿ?" ಎಂದು ಚಿಕ್ಕಮ್ಮನನ್ನು ಕೇಳಿದಂತೆ ಕೇಳುತ್ತಿದ್ದಳು.

"ಇರುವಿ ಸಾಲು ಹಿಡ್ದಂಗ ಅದ ನನ್ನವ್ವ!" ಎನ್ನುವಳು ಕಮಳಾಬಾಯಿ. ಆಮೇಲೆ ಮಗಳ ಕಡೆ ತಿರುಗಿ, "ನಿಂದು ನೋಡು, ಆಡು ತಪ್ಪಿಸ್ಕೊಂಡು ಓಡಿದಂಗ ಅದ."

ಹುಡುಗಿಯರು ನಗುತ್ತಿದ್ದರು. ಸರಿತಾಳ ಕಿವಿ ಬಿಸಿಯಾಗುತ್ತಿತ್ತು. ನಗು ಹೋಗಲಿ, 'ನನ್ನವ್ವ' ಎಂಬ ಮಾತನ್ನು ಅವ್ವ ಅವಳಿಗೆ ಜ್ವರ ಬಂದಾಗಷ್ಟೇ ಆಡುತ್ತಿದ್ದಳು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಉಗುರಗಲ ಜೋಳದ ರೊಟ್ಟಿ ಇಡಬೇಕು. ಇಡದಿದ್ದರೆ ಕೌದಿ ಹಸಿದಿರುತ್ತದೆ, ಹೊದ್ದವರನ್ನೂ ಹಸಿವು ಬಿಡುವುದಿಲ್ಲ ಎನ್ನುತ್ತಿದ್ದಳು ಕಮಳಾಬಾಯಿ. ಮೂಲೆ ಮುಚ್ಚುವುದು ಕೈ ಕುದುರಿದವರ ಕೆಲಸ. ಕಡೆಯ ಶನಿವಾರ ಕೂಸಿಗೆಂದು ಹೊಲಿದ ಸಣ್ಣ ಕೌದಿ ಮುಗಿದಾಗ ಸರಿತಾ ಕೈ ಚಾಚಿದಳು. ಅವ್ವ ಸೂಜಿಯನ್ನು ಪೂನಂಳ ಕೈಗೆ ಕೊಟ್ಟಳು.

ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ಸರಿತಾ ಕೋಣೆಯಲ್ಲಿ ಉಳಿದಳು. ಬ್ಲೇಡಿನಿಂದ ಆ ಮೂಲೆಯ ಹೊಲಿಗೆ ಬಿಚ್ಚಿ ರೊಟ್ಟಿ ಹೊರತೆಗೆದಳು. ಎಸೆಯಲು ಮನಸ್ಸಾಗಲಿಲ್ಲ, ಅವ್ವ ತಟ್ಟಿದ ರೊಟ್ಟಿ. ಬಾಯಿಗೆ ಹಾಕಿಕೊಂಡಳು. ಗಡಿಬಿಡಿಯಲ್ಲಿ ಮತ್ತೆ ಹೊಲಿದಳು. ಪೂನಂಳ ಕೈಯೂ ತಪ್ಪುತ್ತದೆ ಎಂದು ಅವ್ವ ಒಮ್ಮೆ ನೋಡಿದರೆ ಸಾಕಿತ್ತು ಅವಳಿಗೆ.

ರವಿವಾರ ಬೆಳಿಗ್ಗೆ ಟಂಟಂ ಗಾಡಿಯಲ್ಲಿ ಕಮಳಾಬಾಯಿಯೊಡನೆ ಎಲ್ಲರೂ ಹುಡಗಿಗೆ ಹೋದರು. ಸಣ್ಣ ಕೌದಿ ಸುಂದರಬಾಯಿಯ ಪಾಲಿಗೆ ಬಂತು. ಕಬ್ಬು ಕಡಿಯಲು ಬಂದ ಮೇಲೆ ಹೆತ್ತವಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಕೌದಿ ಬಿಡಿಸಿದವಳೇ ನಾಲ್ಕೂ ಮೂಲೆಗಳನ್ನು ಬೆರಳಲ್ಲಿ ಹಿಸುಕಿ ನೋಡಿದಳು.

"ಅಯ್ಯ, ಹಸಿದ ಕೌದಿ ತಂದೀರಲ್ಲವ್ವ ಕೂಸಿಗೆ!"

ಪೂನಂಳ ಮುಖ ಬಾಡಿತು. "ನಾನೇ ಮರ್ತಿರಬೇಕ್ರಿ ಕಾಕು. ನಂದೇ ತಪ್ಪು."

ಸರಿತಾಳ ಎದೆಯೊಳಗೆ ಬೆಲ್ಲ ಕರಗಿದಂತಾಯಿತು.

ಕಮಳಾಬಾಯಿ ಮೂಲೆಯನ್ನು ಕಣ್ಣ ಹತ್ತಿರ ತಂದು, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. ಆ ಹೊಲಿಗೆ ಅವಳಿಗೆ ಗುರುತಿತ್ತು.

"ನೀ ಮರ್ತಿಲ್ಲ ಪೂನಂ" ಎಂದಳು. "ಸರಿತಾ, ಬಾ ಇಲ್ಲಿ."

ಗಾಡಿಯ ಹಿಂದೆ ನಿಂತು ಕೇಳಿದಳು: "ರೊಟ್ಟಿ ಏನ್ ಮಾಡ್ದಿ?"

"ತಿಂದೆ."

"ಹಸಿವಾಗಿತ್ತೇನ?"

"ಇಲ್ಲ." ಸರಿತಾ ಮುಖ ತಿರುವಿ, "ನೀ ಆಕೀಗಿ ನನ್ನವ್ವ ಅಂತೀ" ಎಂದಳು.

"ಅಂತೀನಿ. ಇಪ್ಪತ್ತು ವರ್ಷ ಆ ಮನಿ ಹೊಲದಾಗ ಬಗ್ಗೀನಿ. ಆ ಮನಿ ಹುಡುಗಿ ನನ್ನ ಮುಂದ ಕುಂತು ರೀ ಹಚ್ಚಿ ಮಾತಾಡ್ತಾಳ. ನನಗ ಛಲೋ ಅನಸ್ತದ. ಅನಸಬಾರ್ದೇನ?"

ಅವ್ವನಿಗೂ ಒಂದು ಆಸೆ ಇರಬಹುದೆಂದು ಸರಿತಾ ಎಣಿಸಿರಲಿಲ್ಲ.

ಕಮಳಾಬಾಯಿ ಬೈಯಲಿಲ್ಲ. ಮರಳಿ ಬಂದು ಮೂಲೆ ಬಿಚ್ಚಿದಳು. ಶಾಲೆಯಿಂದ ಬಂದವರ ಬಳಿ ರೊಟ್ಟಿ ಇರಲಿಲ್ಲ. ಸುಂದರಬಾಯಿಯೇ ತನ್ನ ಬುಟ್ಟಿಯಿಂದ ಒಂದು ಚೂರು ಮುರಿದುಕೊಟ್ಟಳು. "ತಗೋರಿ, ಕೊಡಾಕ ಬಂದವ್ರಿಗಿ ನಾವೇ ಕೊಡೋಹಂಗಾತು" ಎಂದು ನಕ್ಕಳು.

ಕಮಳಾಬಾಯಿ ಸೂಜಿಯನ್ನು ಮಗಳಿಗೆ ಕೊಟ್ಟಳು. ಸರಿತಾ ಎಷ್ಟೋ ದಿನದಿಂದ ಕಾದಿದ್ದ ಸೂಜಿ. ಮೊದಲ ಹೊಲಿಗೆಯೇ ಸೊಟ್ಟ ಬಿತ್ತು.

"ಪೂನಂ, ಹ್ಯಾಂಗ ಹಿಡೀಬೇಕು ಆಕೀಗಿ ತೋರ್ಸು."

ಪೂನಂ ಪಕ್ಕಕ್ಕೆ ಸರಿದು ಸರಿತಾಳ ಮಣಿಕಟ್ಟು ಹಿಡಿದಳು. ಮೆತ್ತಗಿನ ಕೈ. ಕೊಡವಿ ಎದ್ದು ಹೋಗಬೇಕೆನಿಸಿತು. ಸುಂದರಬಾಯಿ ಕೂಸನ್ನು ಸೆರಗಿನೊಳಗೆ ಹಿಡಿದು ಕಾಯುತ್ತಿದ್ದಳು. ಸರಿತಾ ಕೈ ಸಡಿಲಿಸಿದಳು. ಸೂಜಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಅವ್ವ ಯಾರ ಕೈಯನ್ನು ನೋಡುತ್ತಿದ್ದಾಳೆಂದು ತಲೆಯೆತ್ತಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.