ಕವರ್ ಬಿಚ್ಚು ಅಂದೆ

ಗಾಡಿ ಕೈಕೊಟ್ಟಿದ್ದು ಸೇತುವೆಯ ನಟ್ಟನಡುವೆ. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಕಣ್ಣಿನ ಆಸ್ಪತ್ರೆಗೆ ಹೊರಟವರು. ಎಂಜಿನ್ ಒಮ್ಮೆ ಕೆಮ್ಮಿ ಗಪ್‌ಚಿಪ್ ಆದಾಗ, "ಪೆಟ್ರೋಲ್ ಹಾಕ್ಸಿಲ್ವಾ ಮಗಾ?" ಎಂದರು. ಟ್ಯಾಂಕು ತುಂಬಿತ್ತು. ಅವರನ್ನು ಬೇರೆ ಟ್ಯಾಕ್ಸಿ ಹತ್ತಿಸಿ, ನನ್ನ ಗಾಡಿಗೆ ಹಗ್ಗ ಕಟ್ಟಿಸಿ, ಅಣ್ಣನ ಗ್ಯಾರೇಜಿಗೆ ಎಳೆಸಿಕೊಂಡು ಬಂದೆ. ಅಷ್ಟರಲ್ಲಿ, ನಾನು ಸೇತುವೆಯಿಂದ ಸುದ್ದಿ ತಿಳಿಸಿದ್ದೇ ತಡ, ಅವನು ಟ್ಯಾಕ್ಸಿ ಸ್ಟ್ಯಾಂಡಿಗೆ ಫೋನ್ ಮಾಡಿ, ನಮ್ಮ ಗಯ್ಯಾಳಿ ಎಂಜಿನ್ ಹಾಳು ಮಾಡಿಟ್ಟಳು ಎಂದು ಸಾರಿ ಆಗಿತ್ತು. ಗಾಡಿಯ ಮುಖ ಕೂಡ ನೋಡಿರಲಿಲ್ಲ ಆ ಪುಣ್ಯಾತ್ಮ!

ಗಯ್ಯಾಳಿ ಎಂದರೆ ನಾನೇ. ಟ್ಯಾಕ್ಸಿ ಅಪ್ಪನದು. ಅಪ್ಪ ಹೋದ ಮೇಲೆ ಕಾಗದಪತ್ರ ಅಣ್ಣನ ಹೆಸರಿಗೆ ಬಂತು, ದುಡಿತ ನನ್ನ ಪಾಲಿಗೆ ಬಂತು. ಗಾಡಿಯನ್ನು ನನ್ನ ಕೈಯಿಂದ ಕಿತ್ತು ತನ್ನ ಭಾಮೈದನಿಗೆ, ಅಂದರೆ ಅತ್ತಿಗೆಯ ತಮ್ಮನಿಗೆ, ಕೊಡಬೇಕೆಂದು ಅವನು ಎಂದಿನಿಂದಲೋ ಹೊಂಚು ಹಾಕುತ್ತಿದ್ದ. ಒಂದು ನೆಪ ಬೇಕಿತ್ತು, ಅಷ್ಟೆ.

"ಯಾವ ಗೇರಲ್ಲಿ ಎಳೀತಿದ್ದೆ?" ಅಣ್ಣ ಬಾಗಿಲಲ್ಲೇ ಶುರುಮಾಡಿದ. "ನಿನಗೆ ಸಾಕು ಈ ಕೆಲಸ. ಇನ್ನು ನನ್ನ ಭಾಮೈದ ಓಡಿಸ್ತಾನೆ."

ನನ್ನ ಕೈಯಿಂದ ಕೀ ಕಸಿದು, ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದ. ಎಂಜಿನ್ ಎಂದಿನಂತೆ ತಿಣುಕಲಿಲ್ಲ. ಹಿಡಿತವೇ ಇಲ್ಲದೆ ಗಿರ್ರನೆ ತಿರುಗಿತು. ಆ ಸದ್ದು ಕೇಳಿದ್ದೇ ಕಿಟಕಿ ಬಡಿದು ಕೂಗಿದೆ.

"ಸೆಲ್ಫ್ ಹೊಡೀಬೇಡ! ಟೈಮಿಂಗ್ ತಪ್ಪಿದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತೆ!"

"ಓಹೋ, ಮೇಸ್ತ್ರಿಯಮ್ಮ!" ಎಂದು ಇನ್ನೊಮ್ಮೆ ಹೊಡೆದ. ಬೇಕಂತಲೇ.

ನನ್ನ ಮೈಯೆಲ್ಲ ಉರಿದುಹೋಯಿತು. ನಾನೂ ಇದೇ ಗ್ಯಾರೇಜಿನಲ್ಲಿ ಬೆಳೆದವಳು. ಅಪ್ಪ ಪಾನಾ ಕೊಟ್ಟಿದ್ದು ಅವನ ಕೈಗೆ, ನನಗೆ ಕೊಟ್ಟಿದ್ದು ಒರೆಸುವ ಬಟ್ಟೆ. ಆದರೆ ಕಿವಿ ಇಬ್ಬರಿಗೂ ಇತ್ತಲ್ಲ. ಬಾಗಿಲಿಗೆ ಕೈ ಹಾಕಿ ಅವನನ್ನು ಇಳಿಸಿದೆ. ಪೈಪು ಕಳಚಿಸಿದೆ, ಪೆಟ್ರೋಲ್ ಬರುತ್ತಿತ್ತು. ಪ್ಲಗ್ ತೆಗೆಸಿ, ಸೆಲ್ಫ್ ಮುಟ್ಟದೆ ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ, ಕಿಡಿ ಹಾರುತ್ತಿತ್ತು.

"ಎರಡೂ ಬರ್ತಿದೆ. ಬರಬೇಕಾದ ಹೊತ್ತಿಗೆ ಬರ್ತಿಲ್ಲ. ಟೈಮಿಂಗ್ ಕವರ್ ಬಿಚ್ಚು."

"ಅಲ್ಲಿ ಏನೂ ಆಗಿರಲ್ಲ. ಹೋದ ತಿಂಗಳು ನಾನೇ ಹೊಸ ಬೆಲ್ಟ್ ಹಾಕಿದೀನಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು. ಅವನ ತಪ್ಪು ಎಂದು ನಾನಿನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. "ಬಿಚ್ಚು ಅಂದೆ," ಎಂದೆ.

ಗ್ಯಾರೇಜಿನ ಮೂಲೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆ ಕೈದೀಪ ಹಿಡಿದು ಅವನ ಪಕ್ಕ ನಿಂತರು. ಆವರೆಗೆ ತುಟಿ ಪಿಟಕ್ಕೆಂದಿರಲಿಲ್ಲ. ತಮ್ಮನಿಗೆ ಗಾಡಿ ಸಿಗುವಾಗ ಯಾಕೆ ಬಾಯಿ ಬಿಡ್ತಾರೆ ಎಂದು ಅವರ ಮೇಲೂ ಹಲ್ಲು ಕಡಿದೆ.

ಕವರ್ ಬಂತು. ಕೆಳಗಿನ ಚಕ್ರದ ಗುರುತನ್ನು ಅದರ ಜಾಗಕ್ಕೆ ತಂದರೆ ಮೇಲಿನ ಚಕ್ರದ ಗುರುತೂ ತನ್ನ ಜಾಗದಲ್ಲಿ ನಿಲ್ಲಬೇಕು. ಅದು ಎಲ್ಲೋ ಆಚೆ ಹೋಗಿತ್ತು. ಎರಡನ್ನೂ ಕಟ್ಟಿಹಾಕಬೇಕಾದ ಹಲ್ಲಿನ ಬೆಲ್ಟು ಜೋಲು ಬಿದ್ದಿತ್ತು. ಅದನ್ನು ಬಿಗಿಯಾಗಿಡುವ ಟೆನ್ಷನರ್ ನೋಡಲು ನಾನು ಬಗ್ಗಿದೆ. ಅಣ್ಣ ಹೆಗಲು ಅಡ್ಡ ತಂದ. ಅವನ ಮೊಣಕೈ ಸರಸರ ಆಡಿತು.

"ಏನ್ ಮಾಡ್ತಿದೀಯ ಅಲ್ಲಿ?"

"ಕೊಳೆ ಒರೆಸ್ದೆ. ಬಾ, ನೋಡು, ಟೆನ್ಷನರ್ ಬೋಲ್ಟು ಕಲ್ಲಿನ ಹಾಗಿದೆ. ನೀನು ಎತ್ತಿನ ಹಾಗೆ ದುಡಿಸಿದ್ದಕ್ಕೇ ಬೆಲ್ಟು ಹಲ್ಲು ಹಾರಿರೋದು."

ಮುಟ್ಟಿದೆ. ಬೋಲ್ಟು ಗಟ್ಟಿಯಾಗಿತ್ತು. ಅವನು ಏನು ಮಾಡಿದನೆಂದು ಗೊತ್ತು, ನನ್ನ ಬಳಿ ಸಾಕ್ಷಿಯಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಅವನು ನೋಡಿದ ಎಂದು ಇನ್ನಷ್ಟು ಸಿಟ್ಟು ಬಂತು.

"ಬೋಲ್ಟು ಸಡಿಲ ಇತ್ತು," ಎಂದರು ಅತ್ತಿಗೆ. "ಮೊದಲ ಸುತ್ತು ಬೆರಳಲ್ಲೇ ತಿರುಗಿಸಿದ್ರಿ. ಆಮೇಲೆ ಪಾನಾ ಹಾಕಿದ್ರಿ."

ಅಣ್ಣ ಅವರತ್ತ ತಿರುಗಿದ. "ತಲೆ ನೆಟ್ಟಗಿದೆಯೇನೇ? ನಿನ್ನ ತಮ್ಮನಿಗೋಸ್ಕರ ಅಲ್ವಾ ಇಷ್ಟೆಲ್ಲ!"

"ಅವನು ಓಡಿಸ್ತಿರುವಾಗ ಗಾಡಿ ಸೇತುವೆ ಮೇಲೆ ನಿಂತಿದ್ರೆ, ಯಾವ ಗೇರಲ್ಲಿದ್ದೆ ಅಂತ ಕೇಳ್ತಿದ್ರಾ?"

ಅಣ್ಣ ಪಾನಾ ಕೆಳಗಿಟ್ಟ. ಜೇಬಿನಿಂದ ಕೀ ತೆಗೆದು ಬಾನೆಟ್ಟಿನ ಮೇಲೆ ಕುಕ್ಕಿದ. "ತಗೊಂಡು ಸಾಯಿ. ಆ ಎರಡು ಗುರುತು ಕೂಡಿಸಿ ಕೊಡ್ತೀನಿ, ಮಾತು ಬೇಡ."

ಆ ಕೀಗಾಗಿಯೇ ನಾನು ಅಷ್ಟು ಹೊತ್ತು ಕಾದಾಡಿದ್ದು. ಈಗ ಮುಟ್ಟಲು ಮನಸ್ಸಾಗಲಿಲ್ಲ.

"ಮೊದಲು ಆ ಬೋಲ್ಟು ಸಡಿಲ ಮಾಡು."

"ಏನು?"

"ಹೋದ ತಿಂಗಳು ನೀನು ಹೇಗೆ ಬಿಟ್ಟಿದ್ಯೋ ಹಾಗೆ ಮಾಡು. ನೀನೇ ಮಾಡು. ನಾನು ನೋಡ್ಬೇಕು."

ಅಣ್ಣ ಪಾನಾ ಹಿಡಿದು ಹೆಂಡತಿಯ ಮುಖ ನೋಡಿದ. ಅತ್ತಿಗೆ ದೀಪವನ್ನು ಇನ್ನಷ್ಟು ಹತ್ತಿರ ತಂದರು.

"ಮಾಡಿ ರೀ," ಎಂದರು. "ಚೆನ್ನಾಗಿ ಕಾಣ್ತಿದೆ ತಾನೇ?"