ಆರನೇ ಪ್ರೋಗ್ರಾಮಿನ ಉತ್ತರ

ಹುಡುಗಿ ಸರಿಯಾಗಿಯೇ ಬರೆದಿದ್ದಳು. ಉಪನ್ಯಾಸಕಿ ಸಂಧ್ಯಾಳ ಮೈ ಉರಿದದ್ದೂ ಅದಕ್ಕೇ.

ಜಮಖಂಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಬೆಳಗಿನಿಂದ ನಲವತ್ತೊಂದು ರೆಕಾರ್ಡ್ ಪುಸ್ತಕಗಳಿಗೆ ಕೆಂಪು ಪೆನ್ನಿನಲ್ಲಿ ಸಹಿ ಜಡಿದು ಅವಳ ಕೈ ಸೋತಿತ್ತು. ಇದು ಕೊನೆಯದು. ನಾಳೆ ಹತ್ತಕ್ಕೆ ಮುಧೋಳದಿಂದ ಪರೀಕ್ಷಕರು ಬರುತ್ತಾರೆ. ಸಹಿ ಇಲ್ಲದ ರೆಕಾರ್ಡ್ ಹಿಡಿದು ಬಂದವರನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡಿಸುವುದಿಲ್ಲ, ಕೂಡದಿದ್ದರೆ ಒಂದು ವರ್ಷ ನೀರುಪಾಲು. ಅಂಥ ಹೊತ್ತಿನಲ್ಲಿ ತೇರದಾಳದ ಕ್ಷಮಾ, ಬಿಸಿಎ ಮೊದಲ ಸೆಮಿಸ್ಟರಿನ ಬಡಕಲು ಹುಡುಗಿ, ಆರನೇ ಪ್ರೋಗ್ರಾಮಿನ ಎದುರಿನ ಬಿಳಿ ಹಾಳೆಯಲ್ಲಿ, ಎಲ್ಲರೂ 90.83 ಎಂದು ಬರೆದ ಜಾಗದಲ್ಲಿ, ಪೆನ್ಸಿಲ್ಲಿನಿಂದ 0.00 ಎಂದು ಬರೆದುಕೊಂಡು ಬಂದು ಎದುರಿಗೆ ನಿಂತಿದ್ದಳು.

ಆರನೇ ಪ್ರೋಗ್ರಾಂ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಸಿ ಭಾಷೆ ಕಲಿಯಲು ಕೂತವರಿಗೆ ಎರಡನೇ ವಾರ ಕೊಡುವ ಅಭ್ಯಾಸ. ಆರು ವಿಷಯದ ಅಂಕ ಕೇಳು, ಕೂಡಿಸು, ಆರುನೂರರಿಂದ ಭಾಗಿಸು, ನೂರರಿಂದ ಗುಣಿಸು, ಶೇಕಡಾ ಎಷ್ಟೆಂದು ತೋರಿಸು. ಆದರೆ ಸಿ ಭಾಷೆಗೊಂದು ಹಟವಿದೆ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಅದು ದಶಮಾಂಶದ ಬಾಲವನ್ನು ಕತ್ತರಿಸಿ ಒಗೆದುಬಿಡುತ್ತದೆ. ಉದಾಹರಣೆಗೆ ಕೊಟ್ಟ ಅಂಕಗಳ ಮೊತ್ತ 545ನ್ನು 600ರಿಂದ ಭಾಗಿಸಿದರೆ ಅದರ ಪಾಲಿಗೆ ಸೊನ್ನೆ. ಆ ಸೊನ್ನೆಯನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ. ಆರುನೂರಕ್ಕೆ ಆರುನೂರು ತಂದವನಿಗೆ ಮಾತ್ರ ನೂರು ಕೊಡುತ್ತದೆ, 599 ತಂದವನೂ ಅದರ ಮುಂದೆ ಶುದ್ಧ ದಡ್ಡ. 600ರ ಜಾಗದಲ್ಲಿ 600.0 ಎಂದು ಬರೆದರೆ ಎಲ್ಲ ಸರಿಹೋಗುತ್ತದೆ. ಅಷ್ಟೇ ಕೆಲಸ, ಅದನ್ನು ಯಾರೂ ಮಾಡಿರಲಿಲ್ಲ.

ಲ್ಯಾಬ್ ಮ್ಯಾನುವಲ್ ಬರೆದವರು ವಿಭಾಗದ ಮುಖ್ಯಸ್ಥ ಅಂದಾನೆಪ್ಪ ಸರ್. ಬರೆದ ವರ್ಷ ಕಂಪ್ಯೂಟರುಗಳೇನೋ ಬಂದಿದ್ದವು, ಉದ್ಘಾಟನೆಗೆ ದೊಡ್ಡವರ ತಾರೀಖು ಸಿಗದೆ ರಟ್ಟಿನ ಪೆಟ್ಟಿಗೆಯಲ್ಲೇ ಕೂತಿದ್ದವು. ಸರ್ ಕ್ಯಾಲ್ಕುಲೇಟರ್ ಒತ್ತಿ ಉತ್ತರ ತೆಗೆದು ಬರೆದುಬಿಟ್ಟರು. ಆಮೇಲೆ ಹನ್ನೆರಡು ವರ್ಷ ಹುಡುಗರು ಹಿಂದಿನವರ ರೆಕಾರ್ಡ್ ನೋಡಿ ಇಳಿಸಿದ್ದೇ ಇಳಿಸಿದ್ದು. ಅಕ್ಷರ ದುಂಡಗಿರಬೇಕು, ಕಂದು ಹಾಳೆಯ ಹೊದಿಕೆ ಇರಬೇಕು, ಉತ್ತರ ಮ್ಯಾನುವಲ್ಲಿನ ಹಾಗೇ ಇರಬೇಕು. ಪ್ರೋಗ್ರಾಂ ಓಡಬೇಕೆಂದು ಯಾರಾದರೂ ಹೇಳಿದ್ದರೇ?

ಸಂಧ್ಯಾ ಕೂಡ ಇದೇ ಕಾಲೇಜಿನಲ್ಲಿ 90.83 ಬರೆದು ‘ಗುಡ್’ ಅನ್ನಿಸಿಕೊಂಡವಳೇ. ಅತಿಥಿ ಉಪನ್ಯಾಸಕಿಯಾಗಿ ಮರಳಿ ಬಂದ ಮೊದಲ ವರ್ಷ ಓಡಿಸಿ ನೋಡಿ, ಹೌಹಾರಿ, ಸರ್ ಹತ್ತಿರ ಓಡಿದ್ದಳು. “ಮುಂದಿನ ವರ್ಷ ನೋಡೂಣ ತಗೋರಿ,” ಅಂದಿದ್ದರು ಅವರು. ಆ ಮುಂದಿನ ವರ್ಷ ಐದು ಸಲ ಬಂದು ಹೋಯಿತು. ಐದನೇ ಪ್ರೋಗ್ರಾಂ ಮುಗಿದ ಕೂಡಲೇ “ಆರನೇದು ಸರಳ ಐತಿ, ಮನ್ಯಾಗ ಬರಕೊಂಡ ಬರ್ರಿ” ಎಂದು ಏಳನೆಯದಕ್ಕೆ ಹಾರುವ ಉಪಾಯ ಅವಳೇ ಕಂಡುಕೊಂಡದ್ದು. ಹೇಡಿತನಕ್ಕೆ ಬುದ್ಧಿ ಬಲು ಚುರುಕು.

“ಏನವಾ ಇದು?” ಅಂದಳು ಸಂಧ್ಯಾ.

“ಔಟ್‌ಪುಟ್ ರೀ ಮೇಡಂ.”

“ಎಲ್ಲಾರದೂ ಒಂದು, ನಿಂದ ಒಂದು?”

“ನಾ ಓಡಿಸಿ ನೋಡೇನ್ರಿ. ಇಲ್ಲೂ ನೋಡೇನಿ, ಮೊಬೈಲಿನ್ಯಾಗೂ ನೋಡೇನಿ. ಸೊನ್ನೀನ ಬರತೈತಿ. ಅವರೆಲ್ಲಾ ಓಡಿಸ್ಯಾರೇನ್ರಿ?”

ಬಾಗಿಲಲ್ಲಿ ನಿಂತಿದ್ದ ಮಾಂತೇಶ, ಕ್ಷಮಾಳ ವರ್ಗದವನೇ, ಕಿಸಕ್ಕನೆ ನಕ್ಕ. “ಬರದ ಕೊಟ್ಟ ನಡಿ ಬೇ, ತೇರದಾಳ ಬಸ್ ಹೊಂಟೈತಿ.”

ಬಸ್ಸಿನ ಮಾತು ಚುಚ್ಚಿದ್ದು ಸುಮ್ಮನಲ್ಲ. ಜೈನರ ಮನೆಯ ಹುಡುಗಿ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈ ಬಸ್ ತಪ್ಪಿದರೆ ಬೆಳಗಿನ ತನಕ ಹೊಟ್ಟೆಗಿಲ್ಲ. ಕ್ಷಮಾ ಗಡಿಯಾರದ ಕಡೆ ಒಮ್ಮೆ ನೋಡಿದಳು, ಆದರೆ ಕಾಲು ಕೀಳಲಿಲ್ಲ.

ಅಷ್ಟರಲ್ಲಿ ಅಂದಾನೆಪ್ಪ ಸರ್ ಒಳಗೆ ಬಂದರು. ಗದ್ದಲವೇನೆಂದು ಕೇಳಿ, ರೆಕಾರ್ಡ್ ಎತ್ತಿಕೊಂಡು, ಸೊನ್ನೆಯ ಮೇಲೆ ಬೆರಳಿಟ್ಟು ಹುಡುಗಿಯ ಮುಖ ನೋಡಿದರು.

“ಹನ್ನೆರಡ ವರ್ಷದಿಂದ ನಡದ ಬಂದ ಉತ್ತರ ಐತಿ. ನೀ ಮೊನ್ನೆ ಬಂದಾಕಿ ನನ್ನ ತಪ್ಪ ತಗೀತಿ? ಅಳಿಸಿ ಬರಿ. ಇಲ್ಲಂದ್ರ ಸಹಿ ಇಲ್ಲ, ನಾಳೆ ಪರೀಕ್ಷಾನೂ ಇಲ್ಲ.”

“ನೀವ ಒಮ್ಮೆ ಓಡಿಸಿ ನೋಡ್ರಿ ಸರ್. ಮಿಷನ್ ಇಲ್ಲೇ ಐತಿ.”

“ನನಗ ಕಲಸಾಕ ಬರತಿಯೇನ?” ಸರ್ ದನಿ ಏರಿತು. ಆಮೇಲೆ ಸಂಧ್ಯಾಳ ಕಡೆ ತಿರುಗಿ ಬೆಣ್ಣೆಯಂಥ ದನಿಯಲ್ಲಿ ಅಂದರು: “ಮೇಡಂ, ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ನನ್ನ ಟೇಬಲ್ ಮ್ಯಾಲ ಐತ್ರಿ. ಈ ಹುಡುಗಿದೊಂದ ಬಗಿಹರಿಸಿ ಬರ್ರಿ.”

ಸಂಧ್ಯಾಳ ತಲೆಯಲ್ಲಿ ಸಿಟ್ಟು ಕುದಿಯಿತು. ಈ ಮನುಷ್ಯನ ಮೇಲೆ ಸಿಟ್ಟು, ಹಲ್ಲು ಕಿರಿಯುವ ಮಾಂತೇಶನ ಮೇಲೆ ಸಿಟ್ಟು, ದಿನಾ ತನ್ನೂರು ಬನಹಟ್ಟಿಯಿಂದ ತಾನು ನಿಂತುಕೊಂಡೇ ಬರುವ ಬಸ್ಸಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಈ ಹುಡುಗಿಯ ಮೇಲೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಬರೆದದ್ದನ್ನು ಇವಳೊಬ್ಬಳು ಬರೆದರೆ ಏನು ಗಂಟು ಹೋಗುತ್ತಿತ್ತು? ರಬ್ಬರ್ ಕಸಿದುಕೊಂಡು, ಹುಡುಗಿ ಬೇಡವೆನ್ನುವುದರೊಳಗೆ, 0.00 ಎಂಬುದನ್ನು ಗಸಗಸ ಉಜ್ಜಿ ಅಳಿಸಿಬಿಟ್ಟಳು. ಹಾಳೆ ಹರಿಯುವುದೊಂದು ಬಾಕಿ.

“ಬರಿ!” ಎಂದು ಪೆನ್ಸಿಲ್ ಚಾಚಿದಳು.

ಕ್ಷಮಾಳ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. “ಅಳಿಸಿದವರು ನೀವ. ಬರಿಯೂದೂ ನೀವ ಬರೀರಿ. ನಾ ಬರಿಯೂದಿಲ್ಲ.”

“ಬರೀರಿ ಮೇಡಂ, ಬರದ ಒಗೀರಿ ಅತ್ಲಾಗ,” ಅಂದರು ಸರ್.

ಸಂಧ್ಯಾ ಪೆನ್ಸಿಲ್ ಹಾಳೆಗೆ ಊರಿದಳು. ಉಪನ್ಯಾಸಕಿಯಾದ ಮೇಲೆ ಈ ಸುಳ್ಳನ್ನು ಅವಳು ತನ್ನ ಕೈಯಾರೆ ಬರೆದದ್ದಿಲ್ಲ. ಮಕ್ಕಳ ಕೈಯಿಂದ ಬರೆಸಿ, ಕೆಳಗೆ ಸಹಿ ಮಾಡಿ, ಕೈ ತೊಳೆದುಕೊಂಡಿದ್ದಳು. ಈಗ ಬೆರಳು ಮುಂದೆ ಹೋಗಲೊಲ್ಲದು. ಹುಡುಗಿಯ ಮೇಲಿದ್ದ ಸಿಟ್ಟು ಯಾವಾಗ ಮಗ್ಗಲು ಬದಲಿಸಿತೋ ಅವಳಿಗೇ ಗೊತ್ತಾಗಲಿಲ್ಲ. ಉಜ್ಜಿ ಕೊಳೆಯಾದ ಅದೇ ಜಾಗದಲ್ಲಿ ಒತ್ತಿ ಒತ್ತಿ 0.00 ಎಂದು ಬರೆದಳು. ಕೆಂಪು ಪೆನ್ನು ತೆಗೆದು ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

“ಸರ್, ಇದು ತಪ್ಪೈತಿ ಅಂತ ನಿಮಗ ಐದ ವರ್ಷದ ಹಿಂದ ಹೇಳೇನಿ. ನೀವು ಓಡಿಸಿ ನೋಡಲಿಲ್ಲ. ನಾನೂ ಸುಮ್ಮನ ಕುಂತೆ. ಇನ್ನ ಕೂಡೂದಿಲ್ಲ.”

ಸರ್ ಮುಖ ಕೆಂಪಗಾಯಿತು. “ಆತು. ಮುಂದಿನ ವರ್ಷ ಬನಹಟ್ಟಿಯಾಗ ಆರಾಮ ಇರ್ರಿ ಮೇಡಂ,” ಎಂದು ಬಾಗಿಲು ದಢಾರನೆ ಹಾಕಿಕೊಂಡು ಹೋದರು.

“ಹಂಗಾರ ನಮ್ಮವೇನ್ರಿ ಮೇಡಂ?” ಅಂದ ಮಾಂತೇಶ. ಈಗ ಅವನ ನಗು ಮಾಯವಾಗಿತ್ತು.

“ಎಲ್ಲಾರನ್ನೂ ಕರಿ. ನಲವತ್ತೊಂದೂ ಇಲ್ಲೇ ಓಡಿಸಿ, ಅಳಿಸಿ, ಬರದ ಹೋಗ್ರಿ.” ಅವನು ಗೊಣಗುತ್ತ ಹೊರಗೆ ಹೋದ.

ಕ್ಷಮಾ ರೆಕಾರ್ಡ್ ಎದೆಗೆ ಅವುಚಿಕೊಂಡಳು. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತೆಂದು ಸಂಧ್ಯಾ ಕಾದದ್ದು ಸುಳ್ಳಲ್ಲ.

“ಐದ ವರ್ಷದಿಂದ ಗೊತ್ತಿತ್ತೇನ್ರಿ ನಿಮಗ?” ಅಂದಳು ಹುಡುಗಿ.

“ಗೊತ್ತಿತ್ತು.”

“ನಮ್ಮಕ್ಕ ಭಕ್ತಿ ಮೂರ ವರ್ಷದ ಹಿಂದ ಇಲ್ಲೇ ಓದತಿದ್ಲು. ಆಕಿನೂ ಇದನ್ನ ಓಡಿಸಿ ನೋಡಿದ್ಲು. ನಿಮ್ಮನ್ನ ಕೇಳಿದ್ಲಂತ. ನೀ ಎಲ್ಲೋ ಟೈಪ್ ತಪ್ಪ ಹೊಡದಿ, ಮತ್ತ ಹೊಡಿ ಅಂದ್ರಂತ ನೀವು.”

ಸಂಧ್ಯಾಗೆ ನೆನಪಾಯಿತು. ಎರಡು ಜಡೆಯ ಹುಡುಗಿ, ಮೂಲೆಯ ಮಿಷನ್ನು. ಆವತ್ತು ಸರ್ ಪಕ್ಕದಲ್ಲೇ ನಿಂತಿದ್ದರು, ಬಾಯಿಗೆ ಬಂದದ್ದು ಹೇಳಿ ಪಾರಾಗಿದ್ದಳು.

“ಇಪ್ಪತ್ತ ಸಲ ಹೊಡದ್ಲಂತ್ರಿ. ನನ್ನ ತಲಿಗೆ ಇದು ಹತ್ತೂದಿಲ್ಲ ಅಂತ ಅತ್ತು ಕಾಲೇಜ ಬಿಟ್ಲು. ಈಗೂ ಮೊಬೈಲ್ ರಿಚಾರ್ಜ್ ಮಾಡಾಕ ಸೈತ ನನ್ನ ಕೈಗೆ ಕೊಡತಾಳ. ನನಗ ಮಿಷನ್ ತಿಳಿಯೂದಿಲ್ಲ ತಂಗಿ ಅಂತಾಳ.” ಕ್ಷಮಾ ತನ್ನ ಫೋನ್ ತೆಗೆದು, ನಂಬರ್ ಒತ್ತಿ, ಟೇಬಲ್ಲಿನ ಮೇಲೆ ಸರಿಸಿದಳು. “ನನಗ ಏನೂ ಹೇಳಬ್ಯಾಡ್ರಿ. ಆಕಿಗೆ ಹೇಳ್ರಿ.”

ಫೋನಿನಲ್ಲಿ ಯಾರೋ ಹಲೋ ಅಂದರು. ಸಂಧ್ಯಾ ಎತ್ತಿಕೊಂಡಳು. ಸರ್ ಮುಂದೆ ಆಡಿದ್ದಕ್ಕಿಂತ ಈ ಮಾತು ಆಡುವುದು ಹತ್ತು ಪಾಲು ಕಷ್ಟವಾಯಿತು.

“ಭಕ್ತಿ, ನಾ ಸಂಧ್ಯಾ ಮೇಡಂ, ಜಮಖಂಡಿ ಕಾಲೇಜಿಂದ. ಆ ಸೊನ್ನಿ ಬರತಿತ್ತಲ್ಲ, ಅದ್ರಾಗ ನಿನ್ನ ತಪ್ಪೇನೂ ಇರಲಿಲ್ಲವಾ. ನೀ ಬರೋಬ್ಬರಿ ಹೊಡದಿದ್ದಿ. ನನಗ ಆಗ ಗೊತ್ತಿತ್ತು.”



“ಮೂರ ವರ್ಷ ಆತಲ್ರಿ ಮೇಡಂ,” ಅಂದಳು ಭಕ್ತಿ, ಮತ್ತು ಫೋನ್ ಇಟ್ಟಳು.